ಹಳ್ಳದ ಲೆಕ್ಕ: ಕಲಿತದ್ದು, ಕಲಿಸಿದ್ದು

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ನೋಡಿ ನಿವೃತ್ತನಾದ ಮೇಲೆ ಮತ್ತೊಂದು ಲೆಕ್ಕದ ಪುಸ್ತಕ ಕೈಗೆ ಬಂದೀತು, ಅದರಲ್ಲಿ ರೂಪಾಯಿಯ ಬದಲು ನೀರಿನ ಆಳವನ್ನೂ ಬಣ್ಣವನ್ನೂ ವಾಸನೆಯನ್ನೂ ಬರೆಯಬೇಕಾದೀತು ಎಂದು ನಾನು ಎಣಿಸಿರಲಿಲ್ಲ. ಬೆಂಗಳೂರಿನ ಕೆಂಗೇರಿಗೆ ಸಮೀಪದ ನಮ್ಮ ಬಡಾವಣೆಯ ಹಿಂಬದಿಯಲ್ಲಿ ಒಂದು ಕಾಲುವೆ ಹರಿಯುತ್ತದೆ. ಎಲ್ಲರೂ ಅದನ್ನು ಮೋರಿ ಎನ್ನುತ್ತಾರೆ. ಹದಿನೆಂಟು ವರ್ಷ ನಾನೂ ಹಾಗೆಯೇ ಅಂದಿದ್ದೇನೆ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗುತ್ತಿದ್ದ ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿ ನಾವು ಅಯ್ಯೋ ಪಾಪ ಎನ್ನುತ್ತಿದ್ದಾಗಲೇ, ಒಂದು ರಾತ್ರಿ ನಮ್ಮ ಮೋರಿಯೂ ದಡ ಮೀರಿ ಕೆಳಗಿನ ಬೀದಿಯ ಆರು ಮನೆಗಳಿಗೆ ನುಗ್ಗಿತು. ಮಾರನೆಯ ದಿನ ಆ ಬೀದಿಯಲ್ಲಿ ನೆನೆದ ಹಾಸಿಗೆಗಳನ್ನು ಕಾಂಪೌಂಡಿನ ಮೇಲೆ ಒಣಹಾಕುತ್ತಿದ್ದ ಹೆಂಗಸೊಬ್ಬರು, ‘ಇಷ್ಟು ನೀರು ಎಲ್ಲಿಂದ ಬಂತು, ಸಾರ್?’ ಎಂದು ಕೇಳಿದರು. ಕ್ಷೇಮಾಭಿವೃದ್ಧಿ ಸಂಘದ ಖಜಾಂಚಿಯಾಗಿದ್ದ ನನ್ನಲ್ಲಿ ಸಂಘದ ಪ್ರತಿ ಪೈಸೆಗೂ ಲೆಕ್ಕವಿತ್ತು. ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಮರುವರ್ಷದ ಜನವರಿಯಲ್ಲಿ, ಹಳ್ಳ ಮತ್ತು ಕೆರೆಗಳ ಕಾವಲಿಗೆ ಸ್ವಯಂಸೇವಕರನ್ನು ಸಿದ್ಧಪಡಿಸುವ ಎಂಟು ಭಾನುವಾರಗಳ ತರಬೇತಿಯೊಂದು ಆರಂಭವಾಗುತ್ತದೆ ಎಂದು ಪರಿಚಿತರೊಬ್ಬರು ತಿಳಿಸಿದಾಗ, ಆ ಪ್ರಶ್ನೆಯ ಋಣ ತೀರಿಸುವ ಮನಸ್ಸಿನಿಂದಲೇ ಹೆಸರು ಕೊಟ್ಟೆ. ಕಲಿಸುವವರು ಇಬ್ಬರು: ನೀರಾವರಿ ಕೆಲಸದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಎಂಜಿನಿಯರ್ ಮತ್ತು ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಕಲಿಯಲು ಬಂದವರು ಇಪ್ಪತ್ತಾರು ಮಂದಿ. ಪೊರಕೆ, ಗುದ್ದಲಿ, ಕೈಗವಸು ಕೊಟ್ಟು ಕಸ ಎತ್ತಿಸುತ್ತಾರೆ ಎಂದುಕೊಂಡು ನಾನು ಹಳೆಯ ಪ್ಯಾಂಟು ಹಾಕಿಕೊಂಡು ಹೋಗಿದ್ದೆ. ಅವರು ಕೊಟ್ಟದ್ದು ಒಂದು ನೋಟ್‌ಬುಕ್ಕು ಮತ್ತು ಪೆನ್ಸಿಲ್ಲು. ಪೆನ್ನೇಕಿಲ್ಲವೆಂದರೆ, ಶಾಯಿಯ ಮೇಲೆ ನೀರು ಬಿದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ.

ಮೊದಲ ಭಾನುವಾರ ನಮ್ಮನ್ನು ಬಸವನಗುಡಿಯ ಕಹಳೆ ಬಂಡೆಯ ಮೇಲೆ ನಿಲ್ಲಿಸಿ ಎಂಜಿನಿಯರ್ ಒಂದೇ ಪ್ರಶ್ನೆ ಕೇಳಿದರು: ‘ನಿಮ್ಮ ಮನೆಯ ತಾರಸಿಯ ಮೇಲೆ ಬಿದ್ದ ಮಳೆ ಯಾವ ಸಮುದ್ರ ಸೇರುತ್ತದೆ?’ ನಗರದ ಪಶ್ಚಿಮ ಭಾಗದಲ್ಲಿರುವ ನಾವು ಕೆಲವರು ಹಿಂದುಮುಂದು ನೋಡದೆ ಅರಬ್ಬೀ ಸಮುದ್ರ ಎಂದೆವು. ಉತ್ತರ ತಪ್ಪಾಗಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರು ಒಂದು ದಿಣ್ಣೆಯ ಬೆನ್ನೇರಿ ಕುಳಿತಿದೆ. ಬಂಡೆಯ ಪಶ್ಚಿಮಕ್ಕೆ ಇಳಿದ ನೀರು ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿಯನ್ನು ಸೇರಿ, ಮೈಸೂರು ರಸ್ತೆಯ ಪಕ್ಕದಲ್ಲೇ ಸಾಗಿ, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಹಾಯ್ದು ಅರ್ಕಾವತಿಯನ್ನು ಕೂಡಿಕೊಂಡು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಪೂರ್ವಕ್ಕೆ ಇಳಿದದ್ದು ಲಾಲ್‌ಬಾಗಿನ ಕೆರೆಯ ದಿಕ್ಕು ಹಿಡಿದು, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಉತ್ತರದ ಹೆಬ್ಬಾಳ ಕಣಿವೆಯ ಗತಿಯೂ ಪಿನಾಕಿನಿಯೇ. ಕೊನೆಗೆ ಎಲ್ಲವೂ ಬಂಗಾಳ ಕೊಲ್ಲಿಗೇ. ಜಲಾನಯನ ಎಂಬ ಪದವನ್ನು ಪತ್ರಿಕೆಗಳಲ್ಲಿ ನೂರಾರು ಬಾರಿ ಓದಿದ್ದೆ. ಅದು ನನ್ನ ತಾರಸಿಯಿಂದಲೇ ಆರಂಭವಾಗುತ್ತದೆ ಎಂಬುದು ಅಂದು ಹೊಳೆಯಿತು.

ಎರಡನೆಯ ಭಾನುವಾರ ಗ್ರಾಮ ನಕ್ಷೆಯ ಪಾಠ. ಸರ್ವೆ ನಂಬರುಗಳ ನಡುವೆ ಹಳ್ಳವನ್ನು ಹೇಗೆ ಗುರುತಿಸಿರುತ್ತಾರೆ, ಬಿ ಖರಾಬು ಎಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ ಹೇಗಾಗುತ್ತದೆ, ದಿಶಾಂಕ್ ಆ್ಯಪಿನಲ್ಲಿ ನಿಂತ ಸ್ಥಳದ ಸರ್ವೆ ನಂಬರು ಹುಡುಕುವುದು ಹೇಗೆ ಎಂಬುದನ್ನೆಲ್ಲ ಕಲಿತು, ಹಳೆಯ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ನಮ್ಮ ನಮ್ಮ ಪ್ರದೇಶಕ್ಕೆ ಹೋಗಿ ತಾಳೆ ನೋಡಬೇಕಾಗಿತ್ತು. ನಕ್ಷೆಯಲ್ಲಿ ಹಳ್ಳ ಎರಡು ಕವಲಾಗಿ ಬಂದು ಕೂಡುತ್ತಿತ್ತು; ನೆಲದ ಮೇಲೆ ಒಂದು ಕವಲು ಮಾತ್ರ ಉಳಿದಿತ್ತು, ಇನ್ನೊಂದರ ಮೇಲೆ ರಸ್ತೆ ಬಂದಿತ್ತು. ಆ ರಸ್ತೆಯ ಕೊನೆಗಿದ್ದದ್ದೇ ಆರು ಮನೆಗಳು. ನಾನು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ಕಂಡು, ಬಡಾವಣೆಗಿಂತ ಎಷ್ಟೋ ಹಿಂದಿನ ಮೂಲ ಗ್ರಾಮದ ಹಿರಿಯರೊಬ್ಬರು ಹತ್ತಿರ ಬಂದರು. ‘ಇದು ಮೋರಿಯಲ್ಲ ಸ್ವಾಮಿ, ಕೋಡಿಹಳ್ಳ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಇಲ್ಲೇ ಇಳಿಯುತ್ತಿತ್ತು. ನಮ್ಮ ತಾತ ನೀರುಗಂಟಿ’ ಎಂದರು. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಂಚುವುದು, ಏರಿಯಲ್ಲಿ ಬಿಲ ಕಂಡರೆ ಮುಚ್ಚಿಸುವುದು, ಸುಗ್ಗಿಯಲ್ಲಿ ಅದಕ್ಕೆ ಪ್ರತಿಯಾಗಿ ಧಾನ್ಯ ಪಡೆಯುವುದು ಆ ತಾತನ ಕೆಲಸವಾಗಿತ್ತಂತೆ. ತರಬೇತಿಯ ಕರಪತ್ರದಲ್ಲಿ ‘ಸ್ವಯಂಸೇವಕ’ ಎಂದಿತ್ತು; ಈ ನೆಲದಲ್ಲಿ ಆ ಕೆಲಸಕ್ಕೆ ಹಿಂದೆಯೇ ಒಂದು ಹೆಸರೂ ಒಂದು ಕೂಲಿಯೂ ಇತ್ತು. ಅಂದಿನಿಂದ ನಾನು ಮೋರಿ ಎನ್ನುವುದನ್ನು ಬಿಟ್ಟೆ.

ಮೂರನೆಯ ವಾರ ಹಳ್ಳದುದ್ದಕ್ಕೂ ನಡೆದು ಕೊಳವೆ ಬಾಯಿಗಳನ್ನು ಎಣಿಸಿದೆವು. ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ದೂರದಲ್ಲಿ ನಲವತ್ತೊಂದು ಬಾಯಿಗಳು ಸಿಕ್ಕವು. ಮಳೆಯಿಲ್ಲದ ಜನವರಿಯಲ್ಲಿ ಮಳೆನೀರಿನ ಕೊಳವೆ ಒಣಗಿರಬೇಕು. ಹನಿಯುತ್ತಿದ್ದರೆ ಅದರಲ್ಲಿ ಬರುತ್ತಿರುವುದು ಬೇರೇನೋ. ಇಷ್ಟೇ ಸೂತ್ರ. ಹತ್ತೊಂಬತ್ತು ಬಾಯಿಗಳು ಒದ್ದೆಯಾಗಿದ್ದವು.

ನಾಲ್ಕನೆಯ ಭಾನುವಾರ ನಾನು ಕಂಡದ್ದನ್ನು ಈಗಲೂ ಯಾರಾದರೂ ಕೇಳಿದರೆ ಬಾಟಲಿ ತೆಗೆದು ತೋರಿಸಲು ಓಡುತ್ತೇನೆ. ಉಪನ್ಯಾಸಕಿ ಗಾಜಿನ ಬಿರಡೆಯಿರುವ 300 ಮಿಲಿಲೀಟರಿನ ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟರು. ಒಂದರಲ್ಲಿ ಮೇಲಿನ ಕೆರೆಯ ಕೋಡಿಯ ಬಳಿ ತುಂಬಿದ ನೀರು, ಇನ್ನೊಂದರಲ್ಲಿ ನಮ್ಮ ಹಳ್ಳದ ನೀರು. ಒಳಗೆ ಒಂದು ಗುಳ್ಳೆ ಗಾಳಿಯೂ ಸಿಕ್ಕಿಕೊಳ್ಳದಂತೆ ತುಂಬುವುದೇ ಅರ್ಧ ವಿದ್ಯೆ. ಗುಳ್ಳೆಯೊಂದು ಉಳಿದರೆ ನಾವು ಅಳೆಯುವುದು ಹಳ್ಳವನ್ನಲ್ಲ, ಗಾಳಿಯನ್ನು. ಎರಡಕ್ಕೂ ಮ್ಯಾಂಗನೀಸ್ ಸಲ್ಫೇಟಿನ ದ್ರಾವಣವನ್ನೂ ಆಮೇಲೆ ಕ್ಷಾರೀಯ ಅಯೋಡೈಡನ್ನೂ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಬಿಟ್ಟು, ಬಿರಡೆ ಹಾಕಿ ಬುಡಮೇಲು ಮಾಡಿದರು. ಕೆರೆಯ ನೀರಿನಲ್ಲಿ ರಾಗಿ ಅಂಬಲಿಯಂಥ ಕಂದು ಮಡ್ಡಿ ಎದ್ದು ಮೆಲ್ಲಗೆ ಕೆಳಗಿಳಿಯಿತು. ಹಳ್ಳದ ಬಾಟಲಿಯಲ್ಲಿ ಎದ್ದದ್ದು ಹಾಲಿನಂಥ ಬಿಳಿ ಮಡ್ಡಿ. ಬಿಳಿಯದೇ ಶುದ್ಧ ಎಂದು ನಮ್ಮಲ್ಲಿ ಅನೇಕರು ತಲೆಯಾಡಿಸಿದೆವು. ಅವರು ನಕ್ಕರು. ಮ್ಯಾಂಗನೀಸು ಕಂದಾಗಬೇಕಾದರೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು; ಬಿಳಿಯಾಗಿ ಉಳಿಯಿತೆಂದರೆ ಆಮ್ಲಜನಕವೇ ಇಲ್ಲ, ಮೀನು ಹಾಗಿರಲಿ, ಮೀನಿನ ಮೊಟ್ಟೆಯೂ ಬದುಕದು. ಕಂದು ಬಾಟಲಿಗೆ ಗಂಧಕಾಮ್ಲ ಬಿಟ್ಟಾಗ ಮಡ್ಡಿ ಕರಗಿ ನೀರು ಹೊಂಬಣ್ಣಕ್ಕೆ ತಿರುಗಿತು. ಆ ಬಣ್ಣವನ್ನು ಥಯೋಸಲ್ಫೇಟಿನ ಹನಿಗಳಿಂದ ತಿಳಿಯಾಗಿಸುತ್ತ, ನಡುವೆ ಗಂಜಿ ಬೆರೆಸಿ ನೀಲಿ ಮಾಡಿಕೊಂಡು, ಆ ನೀಲಿ ಮಾಯವಾಗುವ ಹನಿಯವರೆಗೆ ಲೆಕ್ಕ ಹಾಕಿದರೆ ಆಮ್ಲಜನಕದ ಪ್ರಮಾಣ ಸಿಗುತ್ತದೆ. ಕೆರೆಯ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಬಂತು. ಜಲಚರಗಳ ಬದುಕಿಗೆ ಕನಿಷ್ಠ 4 ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ನಮ್ಮ ಊರಿನ ಎತ್ತರದಲ್ಲಿ, 25 ಡಿಗ್ರಿ ಬಿಸಿಯ ಸ್ವಚ್ಛ ನೀರು ಹಿಡಿದಿಟ್ಟುಕೊಳ್ಳಬಲ್ಲದ್ದೇ ಏಳೂವರೆಯ ಆಸುಪಾಸು. ಸಮುದ್ರದ ಮಟ್ಟದಲ್ಲಾದರೆ ಅದು ಎಂಟಕ್ಕಿಂತ ಹೆಚ್ಚು. ಹಾಗೆ ನೋಡಿದರೆ ಬೆಂಗಳೂರಿನ ನೀರಿಗೆ ಹುಟ್ಟಿನಿಂದಲೇ ಉಸಿರು ಸ್ವಲ್ಪ ಕಡಿಮೆ.

ಹುಳುಗಳ ಪಾಠ ನಡೆದದ್ದು ಐದನೆಯ ವಾರ. ಕೋಡಿಯ ಬಳಿ ಜರಡಿ ಹಾಕಿದಾಗ ಕೊಡತಿ ಕೀಟದ ಮರಿಗಳು ಸಿಕ್ಕವು. ಹಳ್ಳದ ಕೆಸರಿನಲ್ಲಿ ಬರೀ ಕೆಂಪು ಹುಳುಗಳು. ಆಮ್ಲಜನಕ ಸಾಲದ ಜಾಗದಲ್ಲಿ ಬದುಕಲು ಅವು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ನನ್ನೇ ಮೈತುಂಬ ಇಟ್ಟುಕೊಂಡಿರುತ್ತವೆ, ಕೆಂಪು ಅದರದೇ. ಈ ಪಾಠ ಮಕ್ಕಳಿಗೆ ಬಹಳ ಹಿಡಿಸುತ್ತದೆ. ನನಗೆ ಹೆಚ್ಚು ಹತ್ತಲಿಲ್ಲ.

ನನಗೆ ಹತ್ತಿದ್ದು ಆರನೆಯ ವಾರದ ಹರಿವಿನ ಲೆಕ್ಕ. ಹಳ್ಳದ ನೇರವಾದ ಭಾಗದಲ್ಲಿ ಹತ್ತು ಮೀಟರ್ ಅಳೆದು ಎರಡು ತುದಿಗೂ ಹಗ್ಗ ಕಟ್ಟಬೇಕು. ಮೇಲಿನ ಹಗ್ಗದ ಬಳಿ ತೇಲುವ ವಸ್ತುವೊಂದನ್ನು ಬಿಟ್ಟು, ಕೆಳಗಿನ ಹಗ್ಗ ತಲುಪಲು ಎಷ್ಟು ಸೆಕೆಂಡು ಎಂದು ನೋಡಬೇಕು. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಿ, ಅಗಲ ಮತ್ತು ಸರಾಸರಿ ಆಳದೊಡನೆ ಮತ್ತೆ ಗುಣಿಸಿದರೆ ಸೆಕೆಂಡಿಗೆ ಹರಿಯುವ ನೀರಿನ ಪ್ರಮಾಣ ಸಿಕ್ಕಿತು. ಬಡ್ಡಿ ಲೆಕ್ಕಕ್ಕಿಂತ ಸುಲಭ. ಒಮ್ಮೆ ಅಳೆದರೆ ಸಾಲದು, ಒಂದು ಪೂರ್ತಿ ದಿನ ಎರಡು ಗಂಟೆಗೊಮ್ಮೆ ಅಳೆಯಿರಿ ಎಂದು ಎಂಜಿನಿಯರ್ ಹೇಳಿದ್ದರಿಂದ, ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆಯಿಂದ ಶನಿವಾರ ಬೆಳಗಿನವರೆಗೆ ನಾವು ನಾಲ್ವರು ಪಾಳಿ ಹಾಕಿಕೊಂಡೆವು.

ತೇಲಿಬಿಡಲು ನಿಂಬೆಹಣ್ಣು ಆರಿಸಿಕೊಂಡದ್ದು ನಮ್ಮ ಬುದ್ಧಿಗೇಡಿತನ. ರಾತ್ರಿ ಎರಡು ಗಂಟೆಗೆ, ಅದೂ ಶುಕ್ರವಾರದ ರಾತ್ರಿ, ಇಬ್ಬರು ಮುದುಕರು ಟಾರ್ಚ್ ಹಿಡಿದು, ಏನೋ ಎಣಿಸುತ್ತ ಹಳ್ಳಕ್ಕೆ ಒಂದರ ಹಿಂದೊಂದು ನಿಂಬೆಹಣ್ಣು ಬಿಡುತ್ತಿದ್ದರೆ ನೋಡಿದವರಿಗೆ ಏನನ್ನಿಸಬೇಕು? ಎದುರು ಮನೆಯ ಮಹಡಿಯಲ್ಲಿ ದೀಪ ಹೊತ್ತಿತು, ಕಿಟಕಿಯ ಪರದೆ ಸರಿಯಿತು, ದೀಪ ಆರಿತು. ಬೆಳಗಾಗುವಷ್ಟರಲ್ಲಿ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಮೋರಿಯ ಹತ್ತಿರ ಯಾರೋ ಮಾಟ ಮಾಡಿಸುತ್ತಿದ್ದಾರೆ’ ಎಂಬ ಸಂದೇಶ ಬಂದಿತ್ತು, ಅದಕ್ಕೆ ಹನ್ನೆರಡು ಜನ ಕೈಮುಗಿದಿದ್ದರು. ಖಜಾಂಚಿಯೇ ಮಾಟಗಾರನೆಂದು ತಿಳಿಸಿ ಕ್ಷಮೆ ಕೇಳಿದೆ. ಅಲ್ಲಿಂದೀಚೆಗೆ ಕಿತ್ತಳೆಹಣ್ಣು ಬಳಸುತ್ತೇವೆ. ಅದರ ಮೇಲೆ ಅಂಥ ಅಪವಾದವಿಲ್ಲ.

ಅಂದಿನ ಹಾಳೆಯನ್ನು ನಾನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದೇನೆ. ರಾತ್ರಿ ಎರಡಕ್ಕೆ 1.6 ಮೀಟರ್ ಅಗಲದ ಹರಿವಿನ ಆಳ 5 ಸೆಂಟಿಮೀಟರ್, ಹತ್ತು ಮೀಟರಿಗೆ 50 ಸೆಕೆಂಡು: ಸೆಕೆಂಡಿಗೆ ಸುಮಾರು 14 ಲೀಟರ್. ಬೆಳಿಗ್ಗೆ ಎಂಟಕ್ಕೆ ಆಳ 12 ಸೆಂಟಿಮೀಟರ್, 32 ಸೆಕೆಂಡು: ಸುಮಾರು 51 ಲೀಟರ್. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಹಳ್ಳ ಏರುತ್ತಿದ್ದದ್ದು ಜನ ಏಳುವ ಹೊತ್ತಿಗೆ, ಇಳಿಯುತ್ತಿದ್ದದ್ದು ಮಲಗುವ ಹೊತ್ತಿಗೆ. ಮುಂದೆ ಭಾನುವಾರಗಳಲ್ಲಿ ಅಳೆದಾಗ ಏರಿಕೆ ಒಂದೂವರೆ ಗಂಟೆ ತಡವಾಗಿ ಬರುತ್ತಿತ್ತು, ಏಕೆಂದರೆ ಅಂದು ಯಾರೂ ಬೇಗ ಸ್ನಾನ ಮಾಡುವುದಿಲ್ಲ. ನರಕ ಚತುರ್ದಶಿಯಂದು ಮಾತ್ರ ಬೆಳಗಿನ ಐದೂವರೆಗೇ ಹಳ್ಳ ಸೀಗೆಕಾಯಿಯ ನೊರೆಯೊಡನೆ ಏರಿ ಬಂದಿತ್ತು. ಇಡೀ ದಿನದ ಸರಾಸರಿ ಸೆಕೆಂಡಿಗೆ 30 ಲೀಟರ್ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 26 ಲಕ್ಷ ಲೀಟರ್. ತಲೆಗೆ ದಿನವೊಂದಕ್ಕೆ 135 ಲೀಟರ್ ಬಳಕೆ, ಅದರ ಶೇ 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳು ಹಿಡಿಯುವ ಸಾಮಾನ್ಯ ಅಂದಾಜು. ಆ ಪ್ರಕಾರ ಸುಮಾರು 24,000 ಜನರ ಬಚ್ಚಲು ಮತ್ತು ಕಕ್ಕಸುಗಳ ನೀರು, ಒಳಚರಂಡಿಗೆ ಸೇರುವ ಬದಲು, ನಮ್ಮ ಕೋಡಿಹಳ್ಳ ಸೇರುತ್ತಿತ್ತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿಯಲ್ಲಿ ಮಿಂದು, ಕೊಳೆಯಾಗಿಸಿ, ಅದೇ ಕಾವೇರಿಗೆ ನಾವು ಹಿಂದಿರುಗಿಸುತ್ತಿದ್ದೆವು. ನಡುವೆ ಬೈರಮಂಗಲದ ರೈತರು ಅದನ್ನೇ ಬೆಳೆಗೂ ದನದ ಹುಲ್ಲಿಗೂ ಹಾಯಿಸುತ್ತಾರೆ.

‘ಇಷ್ಟು ನೀರು ಎಲ್ಲಿಂದ ಬಂತು’ ಎಂಬ ಪ್ರಶ್ನೆಯ ಉಳಿದರ್ಧಕ್ಕೂ ಅದೇ ವಾರ ಉತ್ತರ ದೊರೆಯಿತು. ಒಂದು ಚದರ ಕಿಲೋಮೀಟರಿನ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಐದು ಕೋಟಿ ಲೀಟರ್. ಗದ್ದೆ ತೋಟಗಳಿದ್ದಾಗ ಅದರ ಬಹುಪಾಲನ್ನು ನೆಲ ಹೀರಿಕೊಳ್ಳುತ್ತಿತ್ತು, ಉಳಿದದ್ದನ್ನು ಕೆರೆ ತಡೆದು ನಿಲ್ಲಿಸುತ್ತಿತ್ತು. ಈಗ ತಾರಸಿ, ಸಿಮೆಂಟು, ಟಾರು. ಬಿದ್ದದ್ದರಲ್ಲಿ ಹೆಚ್ಚಿನದು ಅರ್ಧ ಗಂಟೆಯೊಳಗೆ ಹಳ್ಳಕ್ಕೆ ಬಂದು ಬೀಳುತ್ತದೆ, ಕೊಳಚೆ ಮತ್ತು ಹೂಳಿನಿಂದ ಹಳ್ಳ ಆಗಲೇ ಅರ್ಧ ತುಂಬಿರುತ್ತದೆ.

ಏಳನೆಯ ವಾರದ ಕಾನೂನಿನ ಪಾಠ ಒಣದಾಗಿದ್ದರೂ ಬೇಕಾದದ್ದು. ನಗರದ 2015ರ ಮಹಾಯೋಜನೆಯಂತೆ ಪ್ರಥಮ, ದ್ವಿತೀಯ, ತೃತೀಯ ಹಂತದ ರಾಜಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್ ಮೀಸಲು ಪ್ರದೇಶ, ಅಂದರೆ ಕಟ್ಟಡ ಕಟ್ಟಬಾರದ ಜಾಗವಿತ್ತು; 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಎಂದು ಹಿಗ್ಗಿಸಿತು; 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಹಿಗ್ಗಿಸಿದ ಭಾಗವನ್ನು ರದ್ದುಪಡಿಸಿತು. ವಾದಕ್ಕೆ ನಿಲ್ಲುವವನು ಈ ಮೂರನ್ನೂ ತಿಳಿದಿರಬೇಕು, ಇಲ್ಲವಾದರೆ ಎದುರಿನವನು ತನಗೆ ಬೇಕಾದ ವರ್ಷವನ್ನು ಮಾತ್ರ ಹೇಳುತ್ತಾನೆ.

ಸುರಕ್ಷತೆಯ ಪಾಠವನ್ನು ಕೊನೆಗೆ ಇಟ್ಟದ್ದು ಆ ತರಬೇತಿಯ ಒಂದೇ ದೋಷವೆಂದು ನನ್ನ ಅಭಿಪ್ರಾಯ, ಅದರ ಫಲವನ್ನು ಉಂಡವನೂ ನಾನೇ. ಹಳ್ಳಕ್ಕೆ ಇಳಿಯಬಾರದು, ಮ್ಯಾನ್‌ಹೋಲಿನ ಮುಚ್ಚಳ ಎತ್ತಬಾರದು, ಏಕೆಂದರೆ ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮೇಲ್ಭಾಗದಲ್ಲಿ ಮೋಡ ಕಟ್ಟಿದ್ದರೆ ದಡದ ಬಳಿಯೂ ಸುಳಿಯಬಾರದು, ಗಾಯವಿದ್ದರೆ ಇಲಿಜ್ವರದ ಭಯ. ಮನುಷ್ಯನಿಂದ ಮಲ ಬಾಚಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸ್ವಯಂಸೇವೆ ಎಂಬ ಹೆಸರಿನಲ್ಲಿ ನಾವು ಮಾಡಿದರೂ, ಕೂಲಿ ಕೊಟ್ಟು ಬೇರೊಬ್ಬರಿಂದ ಮಾಡಿಸಿದರೂ ಅದು ಕೊಳಕು ಕೆಲಸವೇ. ಎಂಜಿನಿಯರ್ ಮೊದಲಿನಿಂದಲೂ ಶ್ರಮದಾನಕ್ಕೆ ಒಪ್ಪಿರಲಿಲ್ಲ, ನಮಗೆ ಅದೊಂದು ಅಸಮಾಧಾನ. ತರಬೇತಿ ಮುಗಿದ ಎರಡನೆಯ ವಾರ ನಾನೇ ಮುಂದೆ ನಿಂತು, ಟೀ ಶರಟು ಹಂಚಿ, ಮೂವತ್ತು ಜನರನ್ನು ಸೇರಿಸಿ ಒಂದು ಟ್ರ್ಯಾಕ್ಟರ್ ಕಸ ಎತ್ತಿಸಿದೆ. ಫೋಟೋಗಳು ಬಹಳ ಚೆನ್ನಾಗಿ ಬಂದವು. ಹದಿನೈದು ದಿನದಲ್ಲಿ ಅಷ್ಟೇ ಕಸ ಅಲ್ಲೇ ಬಿದ್ದಿತ್ತು. ಗಾಜು ಚುಚ್ಚಿದ ಗಾಯ ಕೀವಾಗಿ ಕಾಲೇಜು ಹುಡುಗನೊಬ್ಬ ಪರೀಕ್ಷೆಗೆ ಒಂದು ವಾರ ಇರುವಾಗ ಆಸ್ಪತ್ರೆ ಸೇರಿದ. ಅವನ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ಪೊರಕೆಯನ್ನು ಬಿಟ್ಟು ಪುಸ್ತಕವನ್ನು ಹಿಡಿದೆವು. ಒದ್ದೆಯಾಗಿದ್ದ ಹತ್ತೊಂಬತ್ತು ಬಾಯಿಗಳಲ್ಲಿ ಹದಿನೇಳನೆಯದು ಎಲ್ಲಕ್ಕಿಂತ ಹೆಚ್ಚು ಸುರಿಸುತ್ತಿತ್ತು. ಅದರ ಬಗ್ಗೆ ಮೊದಲು ಬರೆದ ಅರ್ಜಿ ‘ದುರ್ವಾಸನೆಯಿಂದ ನಾಗರಿಕರಿಗೆ ತೀವ್ರ ತೊಂದರೆಯಾಗುತ್ತಿದ್ದು’ ಎಂದು ಆರಂಭವಾಗಿ ಎರಡು ಪುಟ ಓಡಿತ್ತು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದು ಕಚೇರಿ ಮತ್ತೊಂದು ಕಚೇರಿಯನ್ನು ತೋರಿಸಿತು, ಆ ಮತ್ತೊಂದು ಮೊದಲನೆಯದನ್ನೇ ತೋರಿಸಿತು. ಕಾಲುವೆ ಒಬ್ಬರದು, ಅದರೊಳಗಿನ ಕೊಳಚೆ ಇನ್ನೊಬ್ಬರದು, ಕೊಳಚೆಯಿಂದಾಗುವ ಮಾಲಿನ್ಯ ಮೂರನೆಯವರದು. ಎರಡನೆಯ ಅರ್ಜಿಯಲ್ಲಿ ವಿಶೇಷಣಗಳನ್ನೆಲ್ಲ ತೆಗೆದೆ. ಒಂದೇ ಪುಟ: ಬಾಯಿಯ ಸಂಖ್ಯೆ, ಸರ್ವೆ ನಂಬರು, ಗಂಟೆವಾರು ಹರಿವಿನ ಕೋಷ್ಟಕ, ಬಿಳಿ ಬಾಟಲಿಯ ಫೋಟೋ, ಮೂರೂ ಕಚೇರಿಗಳಿಗೆ ಒಟ್ಟಿಗೇ ಪ್ರತಿ. ಹತ್ತು ದಿನದಲ್ಲಿ ಕಿರಿಯ ಎಂಜಿನಿಯರ್ ಒಬ್ಬರು ಬಂದರು. ಕೋಷ್ಟಕವನ್ನು ನೋಡುತ್ತ, ‘ರಾತ್ರಿಯೂ ಅಳೆದಿದ್ದೀರಾ?’ ಎಂದು ಕೇಳಿದ ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಮುನ್ನೂರು ಮೀಟರ್ ಮೇಲೆ ಒಳಚರಂಡಿಯ ಛೇಂಬರ್ ಕುಸಿದು, ಇಡೀ ಬೀದಿಯ ಕೊಳಚೆ ಮಳೆನೀರಿನ ಕೊಳವೆಗೆ ತಿರುಗಿಕೊಂಡಿತ್ತು. ದುರಸ್ತಿಗೆ ನಾಲ್ಕು ತಿಂಗಳು ಹಿಡಿಯಿತು. ಹದಿನೇಳನೆಯ ಬಾಯಿ ಒಣಗಿದ ದಿನ ಹಳ್ಳದ ಹರಿವು ಬೆಳಿಗ್ಗೆ ಎಂಟಕ್ಕೆ 51ರಿಂದ 38 ಲೀಟರಿಗೆ ಇಳಿದಿತ್ತು. ಬಾಟಲಿಯ ಬಣ್ಣ ಮಾತ್ರ ಬಿಳಿಯೇ.

2024ರಲ್ಲಿ ನಾನೇ ಕಲಿಸಲು ನಿಂತೆ. ಮೂವತ್ತೆಂಟು ಜನ ಬಂದರು, ನಾಲ್ಕನೆಯ ಭಾನುವಾರಕ್ಕೆ ಒಂಬತ್ತು ಜನ ಉಳಿದರು. ಬಿಟ್ಟುಹೋದವರನ್ನು ಬೈದುಕೊಂಡು ಒಂದು ತಿಂಗಳು ಕಳೆದ ಮೇಲೆ, ಅವರಲ್ಲಿ ಕೆಲವರ ಮನೆಗೆ ಹೋಗಿ ಕಾರಣ ಕೇಳಿದೆ. ದಾಖಲೆಯ ನಮೂನೆ ಇಂಗ್ಲಿಷಿನಲ್ಲಿತ್ತು, ಅದರಲ್ಲಿ ಹದಿನಾಲ್ಕು ಕಾಲಮುಗಳಿದ್ದವು, ತುಂಬಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು, ತುಂಬಿದ ಹಾಳೆ ಏನಾಯಿತೆಂದು ಮತ್ತೆ ಯಾರೂ ಅವರಿಗೆ ಹೇಳುತ್ತಿರಲಿಲ್ಲ. ಯಾವ ಬ್ಯಾಂಕಿನ ಶಾಖೆಯಲ್ಲಿ ನಾನು ಅರ್ಜಿ ನಮೂನೆಗಳನ್ನು ಶಪಿಸುತ್ತಿದ್ದೆನೋ, ಅಂಥದ್ದೇ ನಮೂನೆಯನ್ನು ಹಳ್ಳದ ದಡಕ್ಕೆ ಹೊತ್ತು ತಂದಿದ್ದೆ.

ಹೊಸ ನಮೂನೆಯನ್ನು ಅವರೊಂದಿಗೇ ಕುಳಿತು ಮಾಡಿದೆ. ಅದರಲ್ಲಿ ಐದೇ ಕಾಲಮು. ಬಣ್ಣಕ್ಕೆ ತಿಳಿ, ಟೀ, ಹಾಲು, ಮಸಿ, ಇವುಗಳಲ್ಲದೆ ‘ಬೇರೆ’. ವಾಸನೆಗೆ ಮಣ್ಣು, ಸೋಪು, ಕೊಳೆತ ಮೊಟ್ಟೆ, ಸೀಮೆಎಣ್ಣೆ. ಕದಡಿದ ನೀರಿನ ಅಳತೆಗೆ ಯಂತ್ರದ ಬದಲು ಉದ್ದನೆಯ ಗಾಜಿನ ಕೊಳವೆಯ ತಳದಲ್ಲಿ ಎರಡು ರೂಪಾಯಿ ನಾಣ್ಯ ಇಟ್ಟು, ನಾಣ್ಯ ಕಾಣದಾಗುವಷ್ಟು ನೀರು ಸುರಿದು, ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆಯುವುದು. ಒಬ್ಬರಿಗೆ ಒಂದೇ ಜಾಗ, ವಾರಕ್ಕೆ ಹತ್ತು ನಿಮಿಷ, ಅದೂ ಮನೆಗೆ ಹತ್ತಿರವಿರುವ ಜಾಗ. ಪುಸ್ತಕ ಯಾರ ಮನೆಯಲ್ಲೂ ಇರಬಾರದೆಂದು ಕಿರಾಣಿ ಅಂಗಡಿಯ ಗೂಟಕ್ಕೆ ನೇತುಹಾಕಿದೆವು. ಹಾಲು ತರಲು ಬಂದವರು ಹಿಂದಿನ ವಾರದ್ದನ್ನು ಓದಿ, ತಮ್ಮದನ್ನು ಬರೆದು ಹೋಗುತ್ತಾರೆ. ಅಂಗಡಿಯಾತನಂತೂ ಯಾರು ಬರೆದಿಲ್ಲವೋ ಅವರನ್ನು ಬಾಕಿ ಕೇಳುವ ದನಿಯಲ್ಲೇ ಕೇಳುತ್ತಾನೆ.

ಯಾರನ್ನು ಕರೆಯಬೇಕೆಂಬುದರಲ್ಲೂ ನಾನು ಎಡವಿದ್ದೆ. ಮೊದಲ ತಂಡದಲ್ಲಿ ಹೆಚ್ಚಿನವರು ಮೇಲಿನ ಬೀದಿಯವರು, ಹಳ್ಳದ ವಾಸನೆ ಬರುವವರೇ ಹೊರತು ಹಳ್ಳದ ನೀರು ಬರುವವರಲ್ಲ. ಈಗ ನಮ್ಮಲ್ಲಿ ಎಲ್ಲರಿಗಿಂತ ನಿಖರವಾಗಿ ದಾಖಲಿಸುವವರು ಕೆಳಗಿನ ಬೀದಿಯ ಹೊಲಿಗೆ ಕೆಲಸದ ಹೆಂಗಸು, ಅಂದು ಹಾಸಿಗೆ ಒಣಹಾಕುತ್ತಿದ್ದವರೇ. ಅವರಿಗೆ ಟೇಪು ಹಿಡಿಯುವುದನ್ನು ಕಲಿಸಬೇಕಾಗಲಿಲ್ಲ. ಸೆಂಟಿಮೀಟರಿನ ಕಾಲು ಭಾಗವನ್ನೂ ಬರೆಯುತ್ತಾರೆ. ಅಷ್ಟು ಬೇಡವೆಂದರೂ ಕೇಳುವುದಿಲ್ಲ.

ಕಿರುಸೇತುವೆಯ ಗೋಡೆಗೆ, ಅನುಮತಿ ಪಡೆದು, ಹತ್ತು ಹತ್ತು ಸೆಂಟಿಮೀಟರಿಗೆ ಗೆರೆಯೆಳೆದು ಅಳತೆಪಟ್ಟಿ ಬರೆಸಿದ್ದೂ ಅವರ ಒತ್ತಾಯದಿಂದಲೇ. 80ರವರೆಗೆ ಬಿಳಿ, ಅಲ್ಲಿಂದ 120ರವರೆಗೆ ಹಳದಿ, ಮೇಲೆ ಕೆಂಪು. 2024ರ ಅಕ್ಟೋಬರಿನಲ್ಲಿ ಊರಿಗೆ ಊರೇ ಮಳೆಯಲ್ಲಿ ತೊಯ್ದ ಆ ವಾರದ ಒಂದು ರಾತ್ರಿ, ಹತ್ತೂಕಾಲಕ್ಕೆ ಅವರಿಂದ ಕರೆ ಬಂತು. ‘ಎಪ್ಪತ್ತಿತ್ತು, ಇಪ್ಪತ್ತು ನಿಮಿಷದಲ್ಲಿ ನೂರಹತ್ತಾಯಿತು. ನಾನು ಮನೆಮನೆಗೂ ಹೇಳಿದ್ದೇನೆ, ನೀವು ಮೇಲಿನ ಕೆರೆಯ ಹತ್ತಿರದವರನ್ನು ಕೇಳಿ.’ ಕೆರೆಯ ಬಳಿಯ ನಮ್ಮ ಸ್ವಯಂಸೇವಕ ಕೊಡೆ ಹಿಡಿದು ಏರಿಯ ಮೇಲಿಂದಲೇ ಟಾರ್ಚ್ ಬಿಟ್ಟು ನೋಡಿ, ಕೋಡಿ ಇನ್ನೂ ಬಿದ್ದಿಲ್ಲ, ಒಂದು ಗೇಣು ಬಾಕಿ ಇದೆ ಎಂದ. ಅಷ್ಟರಲ್ಲಿ ಆರೂ ಮನೆಗಳವರು ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಹೊಲಿಗೆ ಯಂತ್ರದ ಮೋಟಾರು, ಮಕ್ಕಳ ಪುಸ್ತಕಗಳನ್ನು ಮೊದಲ ಮಹಡಿಗೆ ಸಾಗಿಸಿದ್ದರು. ನೀರು 130 ಮುಟ್ಟಿ, ಹನ್ನೊಂದೂಮುಕ್ಕಾಲಿಗೆ ಇಳಿಯತೊಡಗಿತು. ಎರಡು ಮನೆಗಳ ಹೊಸ್ತಿಲು ದಾಟಿತ್ತು, ಒಳಗೆ ಹಾಳಾಗುವಂಥದ್ದು ಏನೂ ನೆಲದ ಮೇಲಿರಲಿಲ್ಲ.

ನೀರುಗಂಟಿಯ ಮೊಮ್ಮಗನಾದ ಆ ಹಿರಿಯರು ಈಗ ಪ್ರತಿ ಹೊಸ ತಂಡಕ್ಕೂ ಎರಡನೆಯ ಭಾನುವಾರ ಬಂದು ನಕ್ಷೆಯಲ್ಲಿ ಇಲ್ಲದ್ದನ್ನು ಹೇಳುತ್ತಾರೆ: ಎಲ್ಲಿ ಕುಂಟೆಯಿತ್ತು, ಎಲ್ಲಿ ಗೋಕಟ್ಟೆಯಿತ್ತು, ಯಾವ ಹೊಂಗೆಯ ಬುಡದಲ್ಲಿ ಬೇಸಿಗೆಯಲ್ಲೂ ಒರತೆ ಜಿನುಗುತ್ತಿತ್ತು. ಸುರಕ್ಷತೆಯ ಪಾಠವನ್ನು ನಾನು ಮೊದಲ ದಿನವೇ ಮಾಡುತ್ತೇನೆ, ಗಾಜು ಚುಚ್ಚಿಸಿಕೊಂಡ ಹುಡುಗನೇ ಬಂದು ಕಾಲು ತೋರಿಸುತ್ತಾನೆ. ಶ್ರಮದಾನ ಯಾವಾಗ ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ; ಟೀ ಶರಟುಗಳು ಇನ್ನೂ ಹನ್ನೊಂದು ಉಳಿದಿವೆ, ಕೈ ಒರೆಸಿಕೊಳ್ಳಲು ಕೊಡುತ್ತೇನೆ.

ಮೊನ್ನೆ ಭಾನುವಾರ ಪುಸ್ತಕ ತೆರೆದಾಗ ಹೊಲಿಗೆಯವರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಬಾಯಿ 17, ಒಣಗಿದೆ. ಬಾಯಿ 9, ಸೋಪು ವಾಸನೆ, ಬಣ್ಣ ಹಾಲು, ನಾಣ್ಯ ಆರೂಕಾಲು ಸೆಂಟಿಮೀಟರಿಗೆ ಮರೆಯಾಯಿತು. 22ಕ್ಕೂ 23ಕ್ಕೂ ನಡುವೆ ಹೊಸ ಪೈಪು ಹಾಕಿದ್ದಾರೆ, ಸಿಮೆಂಟು ಇನ್ನೂ ಹಸಿ. ಇದಕ್ಕೆ ನಂಬರು ಎಷ್ಟು ಕೊಡಬೇಕು?’ ನಲವತ್ತೆರಡು ಎಂದು ಪಕ್ಕದಲ್ಲಿ ಬರೆದು, ಸೋಮವಾರದ ಅರ್ಜಿಗೆ ಸರ್ವೆ ನಂಬರು ನೋಡಿಕೊಳ್ಳಲು ಫೋನು ತೆಗೆದೆ.